ಒಲಿಂಪೊಸ್ ಅಥವಾ ಪಪಿಂಗೊ: ಗ್ರೀಸಿನ ಯಾವ ಬೆಟ್ಟದೂರಿಗೆ ಹೋಗಬೇಕು?

ಜನಜೀವನ ನೋಡುವ ಆಸೆಯಿದ್ದರೆ ಕಾರ್ಪಥೋಸ್ ದ್ವೀಪದ ಒಲಿಂಪೊಸ್‌ಗೆ ಹೋಗಿ. (ದೇವತೆಗಳ ಒಲಿಂಪಸ್ ಪರ್ವತ ಬೇರೆ.) ಅಲ್ಲಿನ ಹಿರಿಯ ಹೆಂಗಸರಲ್ಲಿ ಕೆಲವರು ಇಂದಿಗೂ ಕಸೂತಿಯ ಸಾಂಪ್ರದಾಯಿಕ ಉಡುಪಿನಲ್ಲೇ ಓಡಾಡುತ್ತಾರೆ, ಮನೆಯ ಹೊರಗಿನ ಸೌದೆ ಒಲೆಯಲ್ಲಿ ಬ್ರೆಡ್ ಬೇಯಿಸುತ್ತಾರೆ. ಆಡುಮಾತಿನಲ್ಲಿ ಪ್ರಾಚೀನ ಡೋರಿಕ್ ಗ್ರೀಕಿನ ಪದಗಳು ಉಳಿದಿವೆ. ಆಗಸ್ಟ್ 15ರ ಮೇರಿ ಮಾತೆಯ ಹಬ್ಬದಲ್ಲಿ ಲೀರಾ ವಾದ್ಯದ ಜೊತೆ, ಆಡಿನ ತೊಗಲಿನ ಚೀಲಕ್ಕೆ ಗಾಳಿ ತುಂಬಿ ನುಡಿಸುವ ತ್ಸಂಬೂನಾ ಮೊಳಗುತ್ತದೆ. ನನ್ನ ಮನಸ್ಸು ಇತ್ತಲೇ. ಆ ಉಡುಪನ್ನು ನಿತ್ಯ ಉಡುವವರು ಕಡಿಮೆಯಾಗುತ್ತಿದ್ದಾರೆ, ತಡಮಾಡಬೇಡಿ.

ಚಾರಣ, ವಾಸ್ತುಶಿಲ್ಪ ಪ್ರಿಯರಿಗೆ ವಾಯವ್ಯ ಗ್ರೀಸಿನ ಜಗೋರಿ ಪ್ರದೇಶದ ಪಪಿಂಗೊ ಮೇಲು. ಅಲ್ಲಿ ಗೋಡೆಯಷ್ಟೇ ಅಲ್ಲ, ಮನೆಯ ಮಾಡು ಕೂಡ ಕಲ್ಲಿನ ಹಲಗೆಗಳದೇ. ಪಕ್ಕದಲ್ಲೇ ವಿಕೋಸ್ ಕಮರಿ. ಜಗೋರಿ 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಯೋಆನಿನಾ ನಗರದಿಂದ ಕಾರಿನಲ್ಲಿ ತಲುಪಬಹುದು. ಚಳಿಗಾಲದಲ್ಲಿ ಹಿಮ ಬೀಳುತ್ತದೆ.