ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ: ಹಳೆಯ ಕಥೆ, ಇವತ್ತಿನ ಸೇವೆ

ಮಂಗಳೂರಿನವರಿಗೆ ಈ ಆಸ್ಪತ್ರೆಯ ದಾರಿ ಹೇಳಬೇಕಾಗಿಲ್ಲ, ಆದರೆ ಇದು ಶುರುವಾದ ಬಗೆ ತುಂಬಾ ಜನಕ್ಕೆ ಗೊತ್ತಿಲ್ಲ. ಜರ್ಮನಿಯಿಂದ ಬಂದ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಇಲ್ಲಿ ಹೋಮಿಯೋಪತಿ ಔಷಧಿ ಕೊಡಲು ಆರಂಭಿಸಿದರು. ಬಡವರಿಗೆ ಅಂತಲೇ. 1890ರಲ್ಲಿ ಕುಷ್ಠರೋಗಿಗಳಿಗೆ ಆಸರೆ ಮಾಡಿಕೊಟ್ಟರು, ಅದೂ ಅವರನ್ನು ಸ್ವಂತ ಮನೆಯವರೇ ದೂರ ಇಡುತ್ತಿದ್ದ ಕಾಲದಲ್ಲಿ! ನನಗೆ ಈ ಸಂಸ್ಥೆಯ ಮೇಲೆ ಗೌರವ ಜಾಸ್ತಿ ಆಗಿದ್ದು ಇದನ್ನು ತಿಳಿದ ಮೇಲೆ.

ಈಗ ಇದು ದೊಡ್ಡ ಆಸ್ಪತ್ರೆ. ಹೆರಿಗೆ, ಮಕ್ಕಳ ವಿಭಾಗ, ಮೂಳೆ, ಹೃದಯ, ತುರ್ತು ಚಿಕಿತ್ಸೆ ಎಲ್ಲಾ ಒಂದೇ ಕಡೆ. 1999ರಿಂದ ಮೆಡಿಕಲ್ ಕಾಲೇಜೂ ಇದೆ. ಹೋಮಿಯೋಪತಿ ಕಾಲೇಜು ದೇರಳಕಟ್ಟೆಯಲ್ಲಿದೆ.

ಕಾಲೇಜು ಆಸ್ಪತ್ರೆ ಅಂದ ಮೇಲೆ ಕಿರಿಯ ವೈದ್ಯರು ಮೊದಲು ವಿಚಾರಿಸಿ, ಆಮೇಲೆ ಹಿರಿಯರು ಮತ್ತೆ ಅದೇ ಪ್ರಶ್ನೆ ಕೇಳಬಹುದು. ಬೇಸರ ಬೇಡ, ಎರಡು ಸಲ ನೋಡುವುದು ರೋಗಿಗೆ ಒಳ್ಳೆಯದೇ ಅಲ್ವಾ? ಹಳೆಯ ರಿಪೋರ್ಟ್‌ಗಳನ್ನು ಮರೆಯದೆ ತನ್ನಿ, ಬೆಳಿಗ್ಗೆ ಬೇಗ ಬನ್ನಿ. ಆಯುಷ್ಮಾನ್ ಕಾರ್ಡ್ ಅಥವಾ ವಿಮೆ ಇದ್ದರೆ, ನಿಮ್ಮ ಚಿಕಿತ್ಸೆಗೆ ಅದು ಅನ್ವಯಿಸುತ್ತದೆಯೇ ಅಂತ ದಾಖಲಾಗುವ ಮೊದಲೇ ಕೌಂಟರ್‌ನಲ್ಲಿ ಕೇಳಿಕೊಳ್ಳಿ.