ಒಂದು ದಿನದ ಉತ್ಸವವೋ, ತಿಂಗಳುಗಟ್ಟಲೆಯ ಕಾರ್ಯಾಗಾರವೋ?

ಎಲ್ಲರನ್ನೂ ಒಳಗೊಳ್ಳುವ ಕಲಾ ಕಾರ್ಯಕ್ರಮಕ್ಕೆ ಹೊರಟವರಿಗೆ ಮೊದಲು ಎದುರಾಗುವ ಆಯ್ಕೆ ಇದು. ಉತ್ಸವಕ್ಕೆ ಜನ ಸೇರುತ್ತಾರೆ, ದಾನಿಗಳಿಗೆ ತೋರಿಸಲು ಫೋಟೋಗಳೂ ಸಿಗುತ್ತವೆ. ಆದರೆ ತೀರ್ಮಾನಿಸುವವರು ಅದೇ ನಾಲ್ಕು ಮಂದಿ, ಉಳಿದವರು ಪ್ರೇಕ್ಷಕರು. ಗಾಲಿಕುರ್ಚಿಯವರು ಸಭಾಂಗಣಕ್ಕೆ ಬರಲು ಇಳಿಜಾರು ಇರುತ್ತದೆ, ವೇದಿಕೆಗೆ ಮಾತ್ರ ಐದು ಮೆಟ್ಟಿಲು! (ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ಇಳಿಜಾರು ಬೇಕು, ಹಲಗೆ ಒರಗಿಸಿದರೆ ಸಾಲದು.)

ಗೋಡೆಚಿತ್ರದ ಕಾರ್ಯಾಗಾರಕ್ಕೆ ಬರುವವರು ಇಪ್ಪತ್ತೇ ಮಂದಿ ಇರಬಹುದು. ಆದರೆ ಮೂರನೆಯ ವಾರ, ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದವಳು “ಆ ನೀಲಿ ಬೇಡ” ಎನ್ನುತ್ತಾಳೆ. ಅಲ್ಲಿಂದ ಚಿತ್ರ ಅವಳದೂ ಹೌದು. ದಿನಗೂಲಿಯವರೂ ಬರಬೇಕಾದರೆ ಪ್ರಯಾಣದ ಖರ್ಚು ಕೊಡಬೇಕು, ಮಕ್ಕಳನ್ನು ನೋಡಿಕೊಳ್ಳುವವರು ಬೇಕು.

ನಾನಾದರೆ ಕಾರ್ಯಾಗಾರವನ್ನೇ ಆರಿಸುತ್ತೇನೆ. ಸ್ಥಳೀಯರ ಪರಿಚಯವೇ ಇಲ್ಲದವರು ಮಾತ್ರ ಮೊದಲು ಒಂದು ಸಣ್ಣ ಉತ್ಸವ ಮಾಡಲಿ.