ತೋಟದ ಗಾಡಿ ಕಟ್ಟುವವರೇ, ಕೆಳಗಿನ ಆರ್ಮಿನ ತುದಿಗೆ ರಾಡ್ ಎಂಡ್ ಹಾಕಬೇಡಿ

ಹಳೇ ಮಾರುತಿ ಎಂಜಿನ್ ಕೂರಿಸಿ ಪೈಪ್ ಚಾಸಿಯ ಗಾಡಿ ಕಟ್ಟುವವರು, ಕಟ್ಟಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಆಮೇಲೆ ನಿಮ್ಮ ಗಾಡಿಯ ಮುಂಚಕ್ರದ ಹತ್ತಿರ ಕೂತು, ಕೆಳಗಿನ ಆರ್ಮಿನ (ಚಕ್ರವನ್ನು ಚಾಸಿಗೆ ಹಿಡಿದಿಡುವ ತೋಳುಗಳಲ್ಲಿ ಕೆಳಗಿನದು) ಚಕ್ರದ ಕಡೆಯ ತುದಿಯಲ್ಲಿ ಏನಿದೆ ನೋಡಿ. ಅಲ್ಲಿ ರಾಡ್ ಎಂಡ್ (ಒಂದು ತುದಿಗೆ ಥ್ರೆಡ್, ಇನ್ನೊಂದು ತುದಿಯ ತಲೆಯಲ್ಲಿ ತಿರುಗುವ ಗುಂಡು ಇರುವ ಜಾಯಿಂಟ್) ಇದ್ದರೆ ಇವತ್ತೇ ಗಾಡಿ ನಿಲ್ಲಿಸಿ.

ಹೋದ ಮಳೆಗಾಲ ಕಳೆದ ಮೇಲೆ ಆಲ್ದೂರಿನ ಕಡೆ ನಮ್ಮ ಸೋದರಮಾವನ ತೋಟದಲ್ಲಿ ಇಂಥದೇ ಗಾಡಿ ಉರುಳಿತು. ಓಡಿಸುತ್ತಿದ್ದವನು ಅವರ ಮಗ, ಪಕ್ಕದಲ್ಲಿ ನಾನು. ಕಣದಿಂದ ಇಳಿಯುವ ಕಲ್ಲುದಾರಿ, ವೇಗ ಏನೂ ಇರಲಿಲ್ಲ. ಮಳೆನೀರು ಕೊರೆದ ಗುಂಡಿಗೆ ಎಡಚಕ್ರ ಇಳಿದದ್ದೇ ತಡ, ಚಟ್ ಅಂತ ಸದ್ದಾಯಿತು. ಚಕ್ರ ಗಾಡಿಯಡಿಗೆ ಮಡಚಿಕೊಂಡು ಬ್ರೇಕ್ ಪೈಪನ್ನೂ ಕಿತ್ತಿತು. ಸಿಲ್ವರ್ ಓಕ್ ಮರವೊಂದು ತಡೆಯದಿದ್ದರೆ ಕೆಳಗಿನ ಪಟ್ಟೆಗೆ ಹೋಗುತ್ತಿದ್ದೆವು. ಹುಡುಗನ ಭುಜದ ಮೂಳೆ ಮುರಿಯಿತು.

ರಾಡ್ ಎಂಡಿನ ಥ್ರೆಡ್ ಕತ್ತರಿಸಿಹೋಗಿತ್ತು. ಮುರಿದ ಮುಖದ ಅರ್ಧಕ್ಕಿಂತ ಹೆಚ್ಚು ಭಾಗ ತುಕ್ಕು ಹಿಡಿದು ಕಪ್ಪಾಗಿತ್ತು, ಅದರ ಮೇಲೆ ಮರದ ಉಂಗುರಗಳ ಹಾಗೆ ಸಣ್ಣ ಗೆರೆಗಳು. ಉಳಿದ ಭಾಗ ಮಾತ್ರ ಹೊಸದಾಗಿ ಒಡೆದ, ಹೊಳೆಯುವ ಲೋಹ. ಅಂದರೆ ಬಿರುಕು ಆವತ್ತಿನದಲ್ಲ. ಥ್ರೆಡ್ಡಿನ ತಳದಲ್ಲಿ ಹುಟ್ಟಿ, ಪ್ರತಿ ಗುಂಡಿಗೂ ಚೂರುಚೂರೇ ಬೆಳೆದದ್ದು. ಲಾಕ್ ನಟ್ಟಿನ ಮರೆಯಲ್ಲಿದ್ದದ್ದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಕಟ್ಟಿಕೊಟ್ಟ ಹಾಸನದ ವರ್ಕ್‌ಶಾಪಿನವರು ಆ ಜಾಯಿಂಟ್ ಟನ್‌ಗಟ್ಟಲೆ ತಡೆಯುತ್ತೆ ಅಂದಿದ್ದರು. ಅದು ಉದ್ದಕ್ಕೆ ಎಳೆದಾಗಿನ ಲೆಕ್ಕ. 12 ಮಿ.ಮೀ. ಥ್ರೆಡ್ಡಿನ ತಳದಲ್ಲಿ ಉಳಿಯುವ ದಪ್ಪ 10 ಮಿ.ಮೀ.ಗೂ ಸ್ವಲ್ಪ ಕಡಿಮೆ. ಉದ್ದಕ್ಕೆ 300 ಕೆಜಿ ಎಳೆದರೆ ಚದರ ಮಿಲಿಮೀಟರಿಗೆ ಬೀಳುವುದು ಸುಮಾರು 4 ಕೆಜಿ. ಅದೇ 300 ಕೆಜಿ ಅಡ್ಡಲಾಗಿ, ನಟ್ಟಿನಿಂದ 25 ಮಿ.ಮೀ. ಆಚೆ ಬಿದ್ದರೆ ಸುಮಾರು 80 ಕೆಜಿ! ಸಾಧಾರಣ ಮೈಲ್ಡ್ ಸ್ಟೀಲ್ 25ರ ಆಸುಪಾಸಿಗೇ ಬಾಗುತ್ತದೆ. ಅದಕ್ಕಿಂತ ಗಟ್ಟಿಯಾದ 8.8 ಗ್ರೇಡಿನ ಬೋಲ್ಟ್ ಕೂಡ 65ಕ್ಕೆ ಸೋಲುತ್ತದೆ. ಶಾಕ್ ಅಬ್ಸಾರ್ಬರ್ ಕೆಳಗಿನ ಆರ್ಮಿನ ಮೇಲೆ ಕೂತಾಗ ಚಕ್ರದ ಭಾರವೆಲ್ಲ ಹಾದುಹೋಗುವುದು ಆ ತುದಿಯ ಜಾಯಿಂಟಿನ ಮೂಲಕವೇ, ಅದೂ ಅಡ್ಡಲಾಗಿ. ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲುವ ಕೋನ) ತಿರುಗಿಸಿ ಹೊಂದಿಸಲು ಸುಲಭ ಅಂತ ಅಲ್ಲಿ ರಾಡ್ ಎಂಡ್ ಹಾಕುತ್ತಾರೆ. ಆ ಸುಲಭಕ್ಕೆ ಕೊಡುವ ಬೆಲೆ ಇದು. ಹೊಂದಿಸಲೇಬೇಕೆಂದರೆ ಮೇಲಿನ ಆರ್ಮಿನ ಚಾಸಿ ಕಡೆಯ ತುದಿಯಲ್ಲಿ ಹೊಂದಿಸಿ. ಅಲ್ಲಿ ಬಲ ಹೆಚ್ಚಾಗಿ ಉದ್ದಕ್ಕೇ ಬರುತ್ತದೆ.

ಕೆಳಗಿನ ತುದಿಗೆ ಕಾರಿನ ಲೋವರ್ ಬಾಲ್ ಜಾಯಿಂಟೇ (ಭಾರ ಹೊರಲೆಂದೇ ಮಾಡಿದ ಗುಂಡಿನ ಜಾಯಿಂಟ್) ಹಾಕಿ, ಮೂಲ ಕಾರಿನಲ್ಲಿ ಭಾರ ಯಾವ ದಿಕ್ಕಿಗೆ ಬೀಳುತ್ತಿತ್ತೋ ಅದೇ ದಿಕ್ಕಿಗೆ. ಅಥವಾ ಆರ್ಮಿಗೆ ದಪ್ಪ ಉಂಗುರ ಬೆಸೆದು, ಒಳಗೆ ಸ್ಫೆರಿಕಲ್ ಬೇರಿಂಗ್ (ಗುಂಡು ಎಲ್ಲ ಕಡೆಗೂ ತಿರುಗುವ ಬೇರಿಂಗ್) ಒತ್ತಿ, ಅದು ಹೊರಬರದಂತೆ ಸರ್‌ಕ್ಲಿಪ್ ಕೂರಿಸಿ. ಟೈ ರಾಡ್ ಎಂಡನ್ನು ಬಾಲ್ ಜಾಯಿಂಟ್ ಅಂತ ಹಾಕಿಕೊಡುವವರಿಗೆ ದಯವಿಟ್ಟು ಒಪ್ಪಬೇಡಿ, ಅದು ಸ್ಟೀರಿಂಗ್ ಎಳೆಯಲು ಮಾಡಿದ್ದು, ಗಾಡಿ ಹೊರಲು ಅಲ್ಲ. ಬಾಲ್ ಜಾಯಿಂಟಿನ ಕಡ್ಡಿ ಟೇಪರ್ (ತುದಿಗೆ ಸಣ್ಣಗಾಗುತ್ತಾ ಹೋಗುವ ಆಕಾರ) ಇರುತ್ತದೆ. ನೇರ ತೂತು ಕೊರೆದು ಬಿಗಿದರೆ ಅದು ಒಳಗೇ ಅಲ್ಲಾಡಿ ಮುರಿಯುತ್ತದೆ. ಅದೇ ಆಕಾರಕ್ಕೆ ತೂತು ಕೊರೆಯುವ ಟೇಪರ್ ರೀಮರ್ ಬೇಕು, ನಟ್ಟಿಗೆ ಸ್ಪ್ಲಿಟ್ ಪಿನ್ ಬೇಕು.

ಬೇರೆ ಕಡೆ ರಾಡ್ ಎಂಡ್ ಇದ್ದರೆ ಬೋಲ್ಟಿನ ಎರಡೂ ಬದಿಗೆ ಬ್ರಾಕೆಟ್ ಇರಲಿ. ಒಂದೇ ಬದಿಗೆ ಇರುವ ಕಡೆ ರಾಡ್ ಎಂಡಿನ ತಲೆಯಲ್ಲಿ ಗುಂಡು ಕೂರುವ ತೂತಿಗಿಂತ ಅಗಲದ ವಾಷರ್ ಹಾಕಿ, ಗುಂಡು ಕಿತ್ತುಬಂದರೂ ಆರ್ಮ್ ಕಳಚುವುದಿಲ್ಲ. ನಮ್ಮ ಗಾಡಿಯಲ್ಲಿ ಎಲ್ಲೂ ಈ ವಾಷರ್ ಇರಲಿಲ್ಲ. ಹತ್ತಿಪ್ಪತ್ತು ರೂಪಾಯಿಯ ಸಾಮಾನು ಅದು. ಬ್ರಾಕೆಟ್ ಮುಖದ ಹತ್ತಿರ ಥ್ರೆಡ್ ಬರದಷ್ಟು ಉದ್ದದ ಬೋಲ್ಟ್ ಆರಿಸಿ. 10.9 ಬೋಲ್ಟ್ ಗಟ್ಟಿ ಅಂತ ಅದನ್ನು ಆರ್ಮಿಗೆ ವೆಲ್ಡ್ ಮಾಡಿಸಬೇಡಿ, ಬೆಸುಗೆಯ ಬಿಸಿಗೆ ಅದರ ಗಟ್ಟಿತನ ಕೆಡುತ್ತದೆ.

ತೋಟದೊಳಗಿನ ಗಾಡಿಗೆ ನೋಂದಣಿ ಇಲ್ಲ, ತಪಾಸಣೆಗೆ ಯಾರೂ ಬರುವುದಿಲ್ಲ. ಹಿಂದೆ ಮೂಟೆಯ ಮೇಲೆ ಆಳುಗಳು ಕೂತಿರುತ್ತಾರೆ. ಜಾಯಿಂಟ್ ಬದಲಾಗುವ ತನಕ ಅವರನ್ನು ಹತ್ತಿಸಬೇಡಿ.